ಮಂಕು ಬೆಸುಗೆ

ಮಾರೇನಹಳ್ಳಿಯಲ್ಲಿ ನಾನು ಬಾಡಿಗೆಗೆ ಹಿಡಿದಿದ್ದ ರೂಮು ಮೊದಲು ಕಾರ್ ನಿಲ್ಲಿಸುವ ಶೆಡ್ ಆಗಿತ್ತು. ಮುಂದೆ ಶಟರ್, ಪಕ್ಕದಲ್ಲಿ ಓನರ್ ಮನೆಗೆ ಹತ್ತುವ ಮೆಟ್ಟಿಲು, ಆ ಮೆಟ್ಟಿಲ ಕಡೆಗೆ ತೆರೆದುಕೊಳ್ಳುವ ಒಂದೇ ಕಿಟಕಿ. ಕಿಟಕಿಯ ಬುಡದಲ್ಲಿ ನನ್ನ ಮೇಜು. ಅಲ್ಲಿ ಕೂತು ನಾನು ನೀರಿನ ಕಂಟ್ರೋಲರ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದೆ. ಮಾಳಿಗೆಯ ಟ್ಯಾಂಕು ಖಾಲಿಯಾದಾಗ ಮೋಟಾರು ತಾನಾಗಿ ನೆಲದಡಿಯ ಸಂಪಿನಿಂದ ನೀರೆತ್ತಿ, ತುಂಬಿದಾಗ ತಾನಾಗಿ ನಿಲ್ಲಲಿ ಎಂದು ಗೋಡೆಗೊಂದು ಡಬ್ಬಿ ಹಾಕಿಸಿಕೊಂಡಿರುತ್ತೀರಲ್ಲ, ಅದರೊಳಗಿನ ಹಸಿರು ಬೋರ್ಡು. ವಿಜಯನಗರ, ಬಸವೇಶ್ವರನಗರದ ಎಲೆಕ್ಟ್ರಿಕಲ್ ಅಂಗಡಿಯವರು ಮಾಡಿಸಿಕೊಳ್ಳುತ್ತಿದ್ದರು, ಕೆಟ್ಟವನ್ನು ರಿಪೇರಿಗೂ ತಂದು ಹಾಕುತ್ತಿದ್ದರು. ಮದುವೆಗೆ ಮುಂಚೆ ಟೀವಿ ಕಾರ್ಖಾನೆಯೊಂದರಲ್ಲಿ ಸಾಲಾಗಿ ಕೂತು ಕಲಿತ ಕೆಲಸ. ಕಾರ್ಖಾನೆ ಮುಚ್ಚಿತು, ಕೆಲಸ ಕೈಯಲ್ಲಿ ಉಳಿಯಿತು.

ನಮ್ಮ ಮನೆ ಹಿಂದಿನ ಬೀದಿಯಲ್ಲೇ ಇತ್ತು. ಆದರೆ ಅಲ್ಲಿ ಅಡುಗೆ, ಊಟ, ಮಲಗುವುದು ಎಲ್ಲ ಒಂದೇ ಕೋಣೆಯ ಸುತ್ತ. ಬೆಸುಗೆಗೆ ಕರಗಿಸುವ ಸೋಲ್ಡರ್ ತಂತಿಯಲ್ಲಿ ತವರದ ಜೊತೆ ಸೀಸ ಸೇರಿರುತ್ತದೆ, ಸೀಸ ಹಿಡಿದ ಕೈಯಲ್ಲಿ ಹಿಟ್ಟು ಕಲಸಬಾರದು ಎನ್ನುವುದು ಕಾರ್ಖಾನೆಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಮಾತು. ಅದಕ್ಕೇ ಬೇರೆ ರೂಮು ಹಿಡಿದಿದ್ದು. ಆ ರೂಮು ಹೋದರೆ ನನ್ನ ಕೆಲಸವೂ ಹೋದ ಹಾಗೆ. ನಮ್ಮ ಕಡೆ ನೆಲಮಹಡಿಯಲ್ಲಿ ಇಷ್ಟು ಬೆಳಕಿರುವ ರೂಮನ್ನು ಒಬ್ಬ ಹೆಂಗಸು ಕೂತು ಬೋರ್ಡು ಮಾಡುವುದಕ್ಕೆ ಯಾರೂ ಕೊಡುವುದಿಲ್ಲ. ಹೋಟೆಲಿಗೋ ಮೊಬೈಲ್ ಅಂಗಡಿಗೋ ಕೊಡುತ್ತಾರೆ. ಇದು ನನಗೂ ಗೊತ್ತಿತ್ತು, ಮೇಲಿದ್ದ ಓನರಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನನ್ನ ದಿನಚರಿ ಹೀಗಿತ್ತು. ಮನೆಯವರ ಹಳೇ ತುಂಬು ತೋಳಿನ ಅಂಗಿಯೊಂದನ್ನು ಸೀರೆಯ ಮೇಲೆ ಹಾಕಿಕೊಂಡು ಕೂರುವುದು. ಮೇಜಿನ ಹತ್ತಿರ ಕಾಫಿ ಇಲ್ಲ, ಎಲೆಅಡಿಕೆ ಇಲ್ಲ. ಎದ್ದಾಗಲೆಲ್ಲ ಹೊರಗಿನ ನಲ್ಲಿಯಲ್ಲಿ ಬೇರೆ ಸೋಪು ಹಾಕಿ, ತೆಂಗಿನ ನಾರಿನಲ್ಲಿ ಉಗುರ ಸಂದಿ ಉಜ್ಜಿ ತೊಳೆಯುವುದು. ಸಂಜೆ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಅಂಗಿಯನ್ನೂ ಅಲ್ಲೇ ಬಿಟ್ಟು ಬರುವುದು. ಮಕ್ಕಳನ್ನು ಹೊಸ್ತಿಲು ದಾಟಲು ಬಿಟ್ಟವಳಲ್ಲ. ಚೆಂಡು ಒಳಗೆ ಬಂದರೆ ನಾನೇ ಹೊರಗೆಸೆಯುತ್ತಿದ್ದೆ.

ಓನರಮ್ಮ ಹಳೇ ಮಾರೇನಹಳ್ಳಿಯವರು. ಬಡಾವಣೆ ಆಗುವ ಮೊದಲು ಎಲ್ಲಿ ಯಾರ ರಾಗಿ ಹೊಲ, ಎಲ್ಲಿ ಬಾವಿ ಎನ್ನುವುದು ಇನ್ನೂ ಬಾಯಲ್ಲೇ ಇತ್ತು. “ನೀನು ಕೂತಿದೀಯಲ್ಲ, ಅಲ್ಲೇ ನಮ್ಮತ್ತೆ ಅವರೆಕಾಯಿ ಬಿಡಿಸ್ತಿದ್ರು” ಎಂದು ಮೊದಲ ದಿನವೇ ಹೇಳಿದ್ದರು. ಆಗ ಅದು ಪ್ರೀತಿಯ ಮಾತೆಂದು ತಿಳಿದಿದ್ದೆ. ಯಾರ ಜಾಗದಲ್ಲಿ ಕೂತಿದ್ದೀಯ ಎನ್ನುವುದನ್ನು ನೆನಪಿಸುವ ಮಾತು ಅದು ಎಂದು ತಿಳಿದಿದ್ದು ಅವರ ಮಗಳು ಬಾಣಂತನಕ್ಕೆ ಬಂದ ಮೇಲೆ.

ಮಗು ಬಂದಿದ್ದು ಬೇಸಿಗೆಯಲ್ಲಿ. ಒಂದು ಬೆಳಿಗ್ಗೆ ಓನರಮ್ಮ ಮೆಟ್ಟಿಲ ಮೇಲೆ ನಿಂತು, ಕಿಟಕಿಯ ಸರಳಿನೊಳಗಿಂದ ನನ್ನ ತಲೆಯ ಮೇಲೆ ಮಾತು ಸುರಿದರು.

“ಏನಮ್ಮಾ, ನನ್ನ ಮೊಮ್ಮಗೂಗೆ ವಿಷ ಹಾಕ್ತಾ ಇದೀಯಂತೆ?”

ಬೆಸುಗೆ ಹಾಕುವ ಐರನ್ನನ್ನು ಸ್ಟ್ಯಾಂಡಿಗೆ ಇಟ್ಟೆ. “ಯಾವ ವಿಷ ಅಮ್ಮಾ?”

“ಸೀಸ. ನನ್ನ ಮಗಳು ಫೋನಲ್ಲಿ ನೋಡಿದಾಳೆ. ಅದರ ಹೊಗೆ ಕುಡಿದ್ರೆ ಮಕ್ಕಳ ಮಿದುಳು ಬೆಳೆಯಲ್ವಂತೆ. ಇಷ್ಟು ದಿನ ಇಟ್ಕೊಂಡಿದ್ದೆ ನಿನ್ನ, ಬಾಯಿಬಿಟ್ಟು ಒಂದು ಮಾತು ಹೇಳ್ಲಿಲ್ವಲ್ಲ!”

“ಸೀಸ ಕೆಟ್ಟದ್ದೇ ಅಮ್ಮಾ, ಇಲ್ಲ ಅನ್ನಲ್ಲ. ಅದು ಕೈಯಿಂದ ಬಾಯಿಗೆ ಹೋಗಬಾರದು. ಆದ್ರೆ ಈ ಐರನ್ ಬಿಸಿಗೆ ಸೀಸ ಹೊಗೆ ಆಗಲ್ಲ. ಈ ಹೊಗೆ ರಾಳದ್ದು. ತಂತಿ ಒಳಗೆ ಸಣ್ಣಗೆ ರಾಳ ತುಂಬಿರ್ತಾರೆ, ಮರದ ಅಂಟು.”

“ಮರದ ಅಂಟಾದ್ರೆ ಈ ನಾತ ಯಾಕೆ?”

“ನೀವು ಮಗೂಗೆ ಹಾಕೋ ಸಾಂಬ್ರಾಣಿನೂ ಮರದ ಅಂಟೇ.”

ಆ ಮಾತು ಅವತ್ತು ಬೇಡವಾಗಿತ್ತು ಎಂದು ಮನೆಯವರು ಈಗಲೂ ಹೇಳುತ್ತಾರೆ. ಆದರೆ ಸುಳ್ಳಲ್ಲ. ದಿನಾ ಮಗುವಿಗೆ ಎಣ್ಣೆ ನೀರು ಎರೆದ ಮೇಲೆ ಬಾಣಂತಿ ಕೋಣೆಯಲ್ಲಿ ಕೆಂಡ ಹಾಕಿ ಸಾಂಬ್ರಾಣಿ ಸುರಿಯುತ್ತಿದ್ದರು. ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹಾಕಿ, ಮಗುವಿನ ತಲೆಕೂದಲಿಗೆ ಹೊಗೆ ಹಿಡಿಯುತ್ತಿದ್ದರು. ಆ ಹೊಗೆ ಕೋಣೆ ತುಂಬಿ, ಬಾಗಿಲು ದಾಟಿ, ಮೆಟ್ಟಿಲಲ್ಲಿ ಮೋಡದ ಹಾಗೆ ನಿಂತು, ಗಾಳಿ ಇಲ್ಲದ ದಿನ ನನ್ನ ಕಿಟಕಿಯವರೆಗೂ ಇಳಿಯುತ್ತಿತ್ತು. ಕಣ್ಣುರಿಯಿಂದ ಬೋರ್ಡಿನ ಬಿಡಿಭಾಗಗಳ ಸಣ್ಣ ಕಾಲುಗಳು ಕಾಣದೆ ನಾನು ಐರನ್ ಕೆಳಗಿಟ್ಟು ಕಾಯುತ್ತಿದ್ದೆ. ನನ್ನ ಹೊಗೆ ಅದರ ಮುಂದೆ ಊದುಬತ್ತಿಯ ತುದಿಯಷ್ಟು.

“ದೇವರಿಗೆ ಹಾಕೋದೂ ನೀನು ಸುಡೋದೂ ಒಂದೇನಾ? ನಾಲಿಗೆ ಬಿಗಿ ಹಿಡಿ. ಸೀಸ ಇಲ್ಲದ್ದು ಸಿಗುತ್ತಂತೆ, ಅದನ್ನ ಹಾಕು. ಇಲ್ದಿದ್ರೆ ಶಟರ್ ಎಳ್ಕೊಂಡು ಹೋಗ್ತಾ ಇರು.”

ಹೀಗೆ ಶುರುವಾಯಿತು.

ರಾಜಾಜಿನಗರದಲ್ಲಿ ನಾನು ತಂತಿ ಕೊಳ್ಳುವ ಅಂಗಡಿಗೆ ಹೋದೆ. ಲೆಡ್ ಫ್ರೀ ಕೊಡಿ ಎಂದಾಗ ಅಂಗಡಿಯವರು ಕನ್ನಡಕ ಮೇಲೆತ್ತಿದರು.

“ಮೇಡಂ, ನಿಮಗ್ಯಾಕೆ ಆ ತಲೆನೋವು? ಅದು ಎಕ್ಸ್‌ಪೋರ್ಟ್ ಮಾಡೋರಿಗೆ.”

“ನಾನೂ ಎಕ್ಸ್‌ಪೋರ್ಟೇ ಮಾಡ್ತಾ ಇರೋದು ಸಾರ್. ನಮ್ಮ ಮೇಲ್ಗಡೆ ಮನೆಗೆ.”

ಅವರು ನಕ್ಕರು. ನನಗೆ ನಗು ಬರಲಿಲ್ಲ. ತವರಕ್ಕೆ ಚೂರು ತಾಮ್ರ ಬೆರೆಸಿದ ತಂತಿ ಕೊಟ್ಟರು. ಹಳೇ ತಂತಿಗಿಂತ ಬಹಳ ಬಿಸಿ ಕೇಳುತ್ತದೆ, ನಿಮ್ಮ ಐರನ್ ಸಾಲದು ಎಂದರು. ಬಿಸಿ ಹೆಚ್ಚು ಕಡಿಮೆ ಮಾಡುವ ತಿರುಗಣೆ ಇರುವ ಹೊಸ ಐರನ್ನೂ ತಂದೆ. ಹಳೆಯ ಸೀಸದ ಉರುಳೆಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಒತ್ತಿ, ಮೇಲಿನ ಗೂಡಿನಲ್ಲಿಟ್ಟೆ.

ಆ ಹೊಸ ತಂತಿಯಷ್ಟು ಮೊಂಡು ಜಾತಿಯನ್ನು ನಾನು ನೋಡಿಲ್ಲ. ಹಳೆಯದು ತುಪ್ಪದ ಹಾಗೆ ಕರಗಿ, ಕಾಲಿನ ಸುತ್ತ ತಾನೇ ಹರಿದು, ತಣ್ಣಗಾದಾಗ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಇದು ಕರಗಲು ತಡ, ಹರಡಲು ತಡ, ಆರಿದ ಮೇಲೆ ಬೂದಿ ಮೆತ್ತಿದ ಹಾಗೆ ಮಂಕು. ಸ್ವಲ್ಪ ಹೊತ್ತು ಹೆಚ್ಚು ಹಿಡಿದರೆ ಬೋರ್ಡಿನ ತಾಮ್ರವೇ ಕಿತ್ತು ಬರುತ್ತಿತ್ತು. ಐರನ್ನಿನ ಮೂತಿಯನ್ನು ಇಲಿ ತಿಂದ ಹಾಗೆ ತಿಂದುಬಿಡುತ್ತಿತ್ತು. ಎಲ್ಲಕ್ಕಿಂತ ತಮಾಷೆಯೆಂದರೆ, ಹರಿಯದ ತಂತಿಯನ್ನು ಹರಿಸಲು ಅದರಲ್ಲಿ ರಾಳ ಹೆಚ್ಚು ತುಂಬಿರುತ್ತಾರೆ. ಬಿಸಿಯೂ ಹೆಚ್ಚು, ರಾಳವೂ ಹೆಚ್ಚು. ಹೊಗೆ ಮೊದಲಿಗಿಂತ ಜಾಸ್ತಿಯಾಯಿತು.

ಮೇಲಿಂದ ಕೂಗು ಬಂತು. “ಬದಲಾಯಿಸಿದೀನಿ ಅಂದೆ! ಹೊಗೆ ಇನ್ನೂ ಹೆಚ್ಚಾಗಿದೆ! ಯಾರ ಕಿವಿ ಮೇಲೆ ಹೂವ ಇಡ್ತಾ ಇದೀಯ?”

“ಬನ್ನಿ, ಉರುಳೆ ಮೇಲಿನ ಚೀಟಿ ಓದಿ.”

“ಚೀಟಿ ಯಾರು ಬೇಕಾದ್ರೂ ಅಂಟಿಸ್ತಾರೆ.”

ಆಗ ಬಾಣಂತಿ ಕೋಣೆಯ ಕಿಟಕಿಯಿಂದ ಮಗಳ ದನಿ. ಹೊರಗೆ ಬರಬಾರದು, ಆದರೆ ಮಾತಾಡಬಾರದೆಂದು ಯಾರೂ ಹೇಳಿರಲಿಲ್ಲ. “ಅಮ್ಮಾ, ಜಾಯಿಂಟ್ ನೋಡು. ಸೀಸ ಇದ್ರೆ ಮಿಂಚುತ್ತೆ, ಇಲ್ದಿದ್ರೆ ಮಂಕಾಗಿರುತ್ತೆ. ವಿಡಿಯೋದಲ್ಲಿ ತೋರಿಸಿದಾರೆ.”

ಅವತ್ತಿನಿಂದ ಓನರಮ್ಮನ ತಪಾಸಣೆ. ಮಗುವಿನ ಸ್ನಾನ ಮುಗಿದು ಸಾಂಬ್ರಾಣಿ ಹಾಕಿ ಬಂದವರು, ಕೈಯಲ್ಲಿನ್ನೂ ಎಣ್ಣೆಯಿರುವಂತೆಯೇ ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ನಾನು ಬೋರ್ಡು ಮಗುಚಿ ತೋರಿಸಬೇಕು. ಹಾಲಿನವನ ಕ್ಯಾನಿನಲ್ಲಿ ಬೆರಳದ್ದಿ ನೀರು ಹುಡುಕುವವರ ಹಾಗೆ ಅವರು ಬೋರ್ಡನ್ನು ಬೆಳಕಿಗೆ ಓರೆ ಮಾಡಿ ನೋಡುತ್ತಿದ್ದರು.

“ಹೂಂ. ಮಂಕಾಗೇ ಇದೆ.”

“ಸಮಾಧಾನ ಆಯ್ತಾ?”

“ನಾಳೆ ಬರ್ತೀನಿ.”

ಹಾಗೆಂದು ಬೇರೆ ಉಪದ್ರವ ನಿಲ್ಲಲಿಲ್ಲ. ಹೊರಗಿನ ನಲ್ಲಿಗೆ ಬೀಗ ಬಿತ್ತು. ಸೀಸ ಯಾರ ಬಾಯಿಗೂ ಹೋಗದಿರಲಿ ಎಂದು ಇಷ್ಟು ವರ್ಷ ನಾನು ಕೈ ತೊಳೆಯುತ್ತಿದ್ದ ನಲ್ಲಿಯೇ ಅದು. ಮನೆಯಿಂದ ಬಕೆಟಿನಲ್ಲಿ ನೀರು ಹೊತ್ತು ತರತೊಡಗಿದೆ. ಮಗುವಿನ ಬಟ್ಟೆ ಒಣಗಿಸಲು ಮಾಳಿಗೆಯ ತುಂಬ ಜಾಗವಿದ್ದರೂ ಮೆಟ್ಟಿಲ ಕಂಬಿಗೆ, ಸರಿಯಾಗಿ ನನ್ನ ಕಿಟಕಿಯ ಎದುರು ಹಗ್ಗ ಕಟ್ಟಿದರು. ಹೂವಿನ ಚಿತ್ರದ ದೊಡ್ಡ ಬೆಡ್‌ಶೀಟು ದಿನವಿಡೀ ನನ್ನ ಬೆಳಕನ್ನು ಹೀರಿಕೊಂಡು ತೂಗುತ್ತಿತ್ತು. ನಾನು ಸುಮ್ಮನಿರಲಿಲ್ಲ. ಅವರು ಸಾಂಬ್ರಾಣಿ ಹಾಕುವ ಹೊತ್ತಿಗೆ ಸರಿಯಾಗಿ ಹೊರಗೆ ಬಂದು, ಮೇಲೆ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಕೆಮ್ಮುತ್ತಿದ್ದೆ. ಎದುರು ಮನೆಯ ಹೆಂಗಸು ರಂಗೋಲಿ ಪುಡಿ ಕೈಯಲ್ಲಿ ಹಿಡಿದೇ ನಗುತ್ತಿದ್ದಳು.

“ಬಿಟ್ಹಾಕೇ” ಎಂದರು ಮನೆಯವರು. “ಬೇರೆ ರೂಮ್ ನೋಡೋಣ.”

“ಎಲ್ಲಿದೆ ತೋರಿಸಿ.”

ಅವರು ಪೇಪರ್ ಮಡಿಸಿ, ತಾವು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿಗೆ ಹೊರಟರು.

ಈ ನಡುವೆ ಅಂಗಡಿಯವರು ಬೋರ್ಡು ವಾಪಸ್ ತರತೊಡಗಿದರು. ಕೆಟ್ಟಿದ್ದಕ್ಕಲ್ಲ, ಕಂಡಿದ್ದಕ್ಕೆ. ಈ ಕೆಲಸ ಬಲ್ಲವರಿಗೆ ಮಂಕು ಬೆಸುಗೆ ಎಂದರೆ ಕಚ್ಚದ ಬೆಸುಗೆ. ತಂತಿ ಸರಿಯಾಗಿ ಕರಗದೆ ಸುಮ್ಮನೆ ಮೇಲೆ ಕೂತಿದ್ದರೆ ಅದಕ್ಕೆ ‘ಡ್ರೈ’ ಎನ್ನುತ್ತಾರೆ. ಸ್ವಲ್ಪ ದಿನ ಕೆಲಸ ಮಾಡಿ, ಬಿಸಿಗೋ ಅದುರಾಟಕ್ಕೋ ಬಿಟ್ಟುಕೊಳ್ಳುತ್ತದೆ. ಬಸವೇಶ್ವರನಗರದ ಎಲೆಕ್ಟ್ರಿಷಿಯನ್ ಒಬ್ಬ ಬೋರ್ಡುಗಳನ್ನು ಮೇಜಿನ ಮೇಲೆ ಸುರಿದ.

“ಅಕ್ಕಾ, ಏನಾಯ್ತು ನಿಮ್ಮ ಕೈಗೆ? ಎಲ್ಲಾ ಡ್ರೈ ಹೊಡೆದಂಗಿದೆ.”

“ಡ್ರೈ ಅಲ್ಲಪ್ಪ. ಸೀಸ ಇಲ್ಲದ ತಂತಿ, ನೋಡೋಕೇ ಹಾಗಿರುತ್ತೆ. ಎಳೆದು ನೋಡು, ಗಟ್ಟಿಯಾಗಿದೆ.”

“ನಾನು ಎಳೀಬಹುದು. ಕಸ್ಟಮರ್ ಡಬ್ಬಿ ಬಿಚ್ಚಿದ್ರೆ ನನ್ನ ಕತ್ತು ಎಳೀತಾನೆ. ಮೊದಲಿನ ಥರಾನೇ ಫಳಫಳ ಅನ್ಬೇಕು. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋತೀನಿ, ಬೇಜಾರ್ ಮಾಡ್ಕೋಬೇಡಿ.”

ಮೇಲಿನವರಿಗೆ ಮಂಕು ಬೇಕು, ಹೊರಗಿನವರಿಗೆ ಹೊಳಪು ಬೇಕು. ಮೇಲಿನವರು ಹೋಗೆಂದರೆ ರೂಮು ಹೋಗುತ್ತದೆ, ಹೊರಗಿನವರು ಬಾರದಿದ್ದರೆ ರೂಮಿನಲ್ಲಿ ಕೂತು ಮಾಡುವುದೇನೂ ಇರುವುದಿಲ್ಲ. ನಾನು ಮತ್ತೆ ರಾಜಾಜಿನಗರಕ್ಕೆ ಹೋದೆ. ಸೀಸ ಇರಬಾರದು, ಹೊಳೆಯಬೇಕು, ಅಂಥದ್ದು ಏನಾದರೂ ಇದೆಯೇ ಎಂದು ಕೇಳಿದೆ. ಅಂಗಡಿಯವರು ಒಳಗೆ ಹೋಗಿ ಧೂಳು ಹಿಡಿದ ಪೆಟ್ಟಿಗೆಯಿಂದ ಸಣ್ಣ ಉರುಳೆ ತಂದರು. ತವರ, ತಾಮ್ರದ ಜೊತೆ ಒಂದು ಚಿಟಿಕೆ ನಿಕಲ್ ಸೇರಿಸಿದ್ದು. ಹಚ್ಚಿ ನೋಡಿದೆ. ಹಳೇ ತಂತಿಯಷ್ಟು ಸಲೀಸಲ್ಲ, ಆದರೆ ಮಾತು ಕೇಳುವ ತಂತಿ. ಐರನ್ನನ್ನು ತೆಗೆಯುವ ಗಳಿಗೆ ಸರಿಯಾಗಿ ಹಿಡಿದರೆ ಬೆಸುಗೆ ನುಣ್ಣಗೆ ಕೂತು ಕಣ್ಣಿಗೆ ಹೊಡೆಯುವಂತೆ ಮಿಂಚಿತು. ಎಷ್ಟೋ ದಿನದ ಮೇಲೆ ಅವತ್ತು ಊಟ ರುಚಿಸಿತು.

ಮರುದಿನ ಓನರಮ್ಮ ಬೋರ್ಡು ಓರೆ ಮಾಡಿದರು. ಮುಖ ಬದಲಾಯಿತು.

“ಸಿಕ್ಕಿಬಿದ್ದೆ.”

“ಏನಮ್ಮಾ?”

“ಮಿಂಚ್ತಾ ಇದೆ! ಮತ್ತೆ ಸೀಸಕ್ಕೆ ಕೈ ಹಾಕಿದೀಯ.”

“ಇದು ಬೇರೆ ಜಾತಿ ತಂತಿ. ಸೀಸ ಇಲ್ಲದೇನೇ ಮಿಂಚುತ್ತೆ. ಹೆಚ್ಚು ಕೊಟ್ಟು ತಂದಿದೀನಿ, ನಿಮಗೋಸ್ಕರಾನೇ.”

“ನನಗೋಸ್ಕರ!” ಅವರು ಮೆಟ್ಟಿಲ ಕಡೆ ತಿರುಗಿ ಕೂಗಿದರು. “ಕೇಳ್ದೇನೇ? ಸೀಸ ಇಲ್ಲದೇನೇ ಮಿಂಚುತ್ತಂತೆ! ನಮಗೋಸ್ಕರಾನೇ ಮಿಂಚಿಸ್ತಾ ಇದಾಳಂತೆ!”

ಮೇಲಿನಿಂದ ಮಗಳು, “ಸುಳ್ಳು ಹೇಳ್ತಾರಮ್ಮ, ವಿಡಿಯೋದಲ್ಲಿ ಹಾಗಿಲ್ಲ” ಎಂದಳು.

“ನಿಮ್ಮ ಮಗಳನ್ನೇ ಕೇಳಿ, ಅಂಥ ತಂತಿ ಇದೆಯಾ ಅಂತ ಫೋನಲ್ಲೇ ಹುಡುಕಲಿ” ಎಂದೆ.

“ಅವಳು ಹಸಿ ಬಾಣಂತಿ. ನಿನ್ನ ತಂತಿ ಹುಡುಕ್ಕೊಂಡು ಕೂರ್ತಾಳಾ? ನೋಡಮ್ಮ, ಒಂದೇ ಮಾತು. ಇನ್ನೊಂದು ಸಲ ಮಿಂಚಿದ್ದು ಕಂಡ್ರೆ ರೂಮ್ ಖಾಲಿ.”

ನಾನು ಜಗಳಗಂಟಿಯಲ್ಲ. ಆದರೆ ತಾಳ್ಮೆ ಇರುವವರ ಸಿಟ್ಟು ಬೇರೆ ದಾರಿ ಹಿಡಿಯುತ್ತದೆ. ಒಂದು ಮೂಲೆ ಚೆಕ್ಕೆಯೆದ್ದು ಪಕ್ಕಕ್ಕಿಟ್ಟಿದ್ದ ಬೋರ್ಡೊಂದಿತ್ತು. ಅದನ್ನು ತೆಗೆದುಕೊಂಡು ಮೊದಲಿನ ಮಂಕು ತಂತಿಯಲ್ಲಿ ಪೂರ್ತಿ ಬೆಸುಗೆ ಹಾಕಿದೆ. ಮಂಕು ಸಾಲದೆನಿಸಿತು. ಕರಗಿದ ತಂತಿ ಗಟ್ಟಿಯಾಗುವ ಗಳಿಗೆಯಲ್ಲೇ ಬೋರ್ಡನ್ನು ಅಲ್ಲಾಡಿಸುತ್ತ ಬಂದೆ. ಕಾರ್ಖಾನೆಯಲ್ಲಿ ಹೀಗೆ ಮಾಡಿದ್ದರೆ ಸೂಪರ್‌ವೈಸರ್ ಬೋರ್ಡನ್ನು ನಮ್ಮ ಮುಖಕ್ಕೇ ಹಿಡಿಯುತ್ತಿದ್ದರು. ಒಂದೊಂದು ಬೆಸುಗೆಯೂ ಹುಗ್ಗಿಯ ತಳದ ಹಾಗೆ ಬಿರಿದು, ಕಳೆಗೆಟ್ಟು ಕೂತಿತು. ಅದನ್ನು ಮೇಜಿನ ಅಂಚಿನಲ್ಲಿಟ್ಟುಕೊಂಡೆ. ಓನರಮ್ಮ ಬಂದಾಗ ಅದೇ ಮುಂದೆ, ನಿಜವಾದವು ಬಟ್ಟೆಯ ಕೆಳಗೆ.

“ಹಾಂ, ಇದು” ಎಂದರು ಅವರು. “ಹೀಗಿರಬೇಕು. ಅವತ್ತೇ ನೆಟ್ಟಗೆ ಮಾಡೋಕೇನಾಗಿತ್ತು?”

ದಿನಾ ಅದೇ ಬೋರ್ಡು, ದಿನಾ ಅದೇ ಮೆಚ್ಚುಗೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚುವುದೊಂದು ಬಾಕಿ ಇತ್ತು.

ಆಷಾಢ ಹತ್ತಿರ ಬಂದಾಗ ಅವರ ಮನೆಯ ಕಂಟ್ರೋಲರ್ ಸುಟ್ಟಿತು. ಡಬ್ಬಿಯೊಳಗೆ ಹಲ್ಲಿ ಸೇರಿ, ತಾನೂ ಸತ್ತು ಬೋರ್ಡನ್ನೂ ಕೊಂದಿತ್ತು. ಓನರಮ್ಮ ಕೆಳಗಿಳಿದು ಬಂದರು. ಮೇಜಿನ ಮೇಲೆ ಕಣ್ಣಾಡಿಸಿ, ಕೈ ನೀಡಿ, ಸೀದಾ ಆ ಮೂಲೆ ಒಡೆದ ಬೋರ್ಡನ್ನೇ ಎತ್ತಿಕೊಂಡರು.

“ಇದನ್ನ ನಮ್ಮನೆಗೆ ಹಾಕಿಸ್ಕೋತೀನಿ.”

ನಾನು ಎದ್ದೆ. “ಅದು ಬೇಡ ಅಮ್ಮಾ. ಸರಿ ಇಲ್ಲ ಅದು. ಬೇರೆ ಮಾಡಿಕೊಡ್ತೀನಿ, ಸಂಜೆಗೇ.”

“ಯಾಕೆ, ಇದಕ್ಕೇನಾಗಿದೆ?”

“ಅದು ನಿಮಗೆ ತೋರಿಸೋಕೆ ಅಂತ ಮಾಡಿದ್ದು. ಬೇಕಂತಲೇ ಮಂಕು ಮಾಡಿದೀನಿ. ಇವತ್ತು ಓಡುತ್ತೆ, ಆಮೇಲೆ ಕೈ ಕೊಡುತ್ತೆ.”

ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಅವರು ಬೋರ್ಡನ್ನು ಎದೆಗೊತ್ತಿ ಹಿಡಿದು ನನ್ನನ್ನೇ ನೋಡಿದರು.

“ಗೊತ್ತಾಯ್ತು ಬಿಡು. ಬೇರೆಯವರಿಗೆಲ್ಲ ಸೀಸ ಇಲ್ಲದ್ದು, ಹಸುಗೂಸು ಇರೋ ಮನೆಗೆ ಸೀಸದ್ದು ಹಾಕಿ ಕೊಡ್ಬೇಕು ಅಂತ ತಾನೇ?”

“ಅಮ್ಮಾ, ದಯವಿಟ್ಟು...”

“ಓಡಿಸಿ ತೋರಿಸು.”

ಮೇಜಿನ ಮೇಲೆ ಕರೆಂಟು ಕೊಟ್ಟೆ. ಹಾಳಾದ್ದು ಓಡಿತು. ಕೆಂಪು ದೀಪ, ಹಸಿರು ದೀಪ, ಮೋಟಾರಿಗೆ ಕರೆಂಟು ಬಿಡುವ ರಿಲೇಯ ಟಕ್ ಶಬ್ದ, ಎಲ್ಲ ಸರಿಯಾಗಿ ಬಂತು. ಕಚ್ಚದ ಬೆಸುಗೆಯ ಕೆಟ್ಟ ಗುಣವೇ ಅದು, ಬೇಕಾದಾಗ ಕೆಡುವುದಿಲ್ಲ. ಓನರಮ್ಮನ ತುಟಿಯ ಕೊನೆಯಲ್ಲಿ ಗೆದ್ದ ನಗು. ಹಾಕಿಕೊಡಲು ನಾನು ಮೇಲೆ ಹೋಗುವುದಿಲ್ಲ ಎಂದೆ. ನೀನು ಬರೋದೂ ಬೇಡ ಎಂದರು. ಪ್ಲಂಬರ್‌ನನ್ನು ಕರೆಸಿ ಹಾಕಿಸಿಕೊಂಡರು.

ಆಮೇಲೆ ದಿನಗಳು ಹೋದವು. ಪ್ರತಿ ಸಲ ಮೋಟಾರು ಗುಂಯ್ ಎಂದಾಗ ನನ್ನ ಕೈ ನಿಲ್ಲುತ್ತಿತ್ತು. ಟ್ಯಾಂಕು ತುಂಬಿ ಟಕ್ ಎಂದು ನಿಂತಾಗ ಮತ್ತೆ ಐರನ್ ಎತ್ತಿಕೊಳ್ಳುತ್ತಿದ್ದೆ. ಕೆಡಲಿ ಎಂದು ಕಾಯುತ್ತಿದ್ದೆನೋ ಕೆಡದಿರಲಿ ಎಂದು ಕಾಯುತ್ತಿದ್ದೆನೋ ಎಂದು ಕೇಳಿದರೆ, ಕೆಡಲಿ ಎಂದೇ ಹೇಳುತ್ತೇನೆ. ಓನರಮ್ಮ ಮಾತ್ರ ಮೆಟ್ಟಿಲಿಳಿಯುವಾಗಲೆಲ್ಲ ಕಿಟಕಿಯಲ್ಲಿ ಮುಖ ತೂರಿಸಿ, “ಓಡ್ತಾ ಇದೆ ಕಣಮ್ಮ, ನಿನ್ನ ಕೆಟ್ಟೋಗಿರೋ ಬೋರ್ಡು” ಎನ್ನುತ್ತಿದ್ದರು.

ಆಷಾಢದ ಒಂದು ಭಾನುವಾರ, ಬಿಸಿಲೇರುವ ಹೊತ್ತು. ಮಾರನೆಯ ದಿನ ಕೊಡಬೇಕಾದ ಬೋರ್ಡುಗಳಿದ್ದವು ಎಂದು ಶಟರ್ ಅರ್ಧ ಎತ್ತಿ ಕೂತಿದ್ದೆ. ಮೋಟಾರು ಶುರುವಾಯಿತು. ನಿಲ್ಲುವ ಹೊತ್ತಾಯಿತು, ನಿಲ್ಲಲಿಲ್ಲ. ಮೇಲೆ ಟೀವಿ ಜೋರಾಗಿತ್ತು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಸಣ್ಣಗೆ ಸುರಿಯುವ ಸದ್ದು. ಎದುರು ಮನೆಯ ಹೆಂಗಸು, “ರೀ, ಟ್ಯಾಂಕ್ ತುಂಬಿ ಹರೀತಾ ಇದೆ!” ಎಂದು ಕೂಗುವಷ್ಟರಲ್ಲಿ ನೀರು ಮಾಳಿಗೆಯ ಬಾಗಿಲ ಕೆಳಗಿಂದ ನುಗ್ಗಿ, ಮೆಟ್ಟಿಲ ಮೇಲೆ ಒಂದೊಂದಾಗಿ ಇಳಿಯತೊಡಗಿತ್ತು. ಅದರ ಜೊತೆ ಒಂದು ಮಗುವಿನ ಕಾಲುಚೀಲ, ಒಂದು ಬಟ್ಟೆ ಕ್ಲಿಪ್ಪು, ಸಾಂಬ್ರಾಣಿ ಹಾಕಿ ಮಾಳಿಗೆಯಲ್ಲಿ ಸುರಿದಿದ್ದ ಇದ್ದಿಲ ಬೂದಿ. ಕಿಟಕಿಯ ಎದುರಿನ ಬೆಡ್‌ಶೀಟು ಕಪ್ಪು ನೀರು ಕುಡಿದು ಜೋತುಬಿತ್ತು.

ಓನರಮ್ಮ ಮೋಟಾರಿನ ಸ್ವಿಚ್ಚು ಆರಿಸಿ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಇಳಿದು ಬಂದರು. ಕೈಯಲ್ಲಿ ಬೋರ್ಡು. ಡಬ್ಬಿಯಿಂದ ತಂತಿ ಸಮೇತ ಕಿತ್ತಿದ್ದರು.

“ಏನ್ ಮಾಡಿಟ್ಟೆ ಇದಕ್ಕೆ?”

ತೆಗೆದುಕೊಂಡು ನೋಡಿದೆ. ಟ್ಯಾಂಕು ತುಂಬಿತು ಎಂದು ಸುದ್ದಿ ತರುವ ತಂತಿಯ ಬೆಸುಗೆ ಬಿಟ್ಟುಕೊಂಡಿತ್ತು. ಬೆರಳಿನಲ್ಲಿ ಮುಟ್ಟಿದರೆ ಹಾಲು ಹಲ್ಲಿನ ಹಾಗೆ ಅಲ್ಲಾಡಿತು.

“ಅವತ್ತೇ ಹೇಳಿದ್ದೆ.”

“ಹೇಳಿದ್ದೆ, ಹೇಳಿದ್ದೆ! ಮಂಕಾಗಿರೋದೆಲ್ಲ ಹೀಗೇನಾ ಹಾಗಾದ್ರೆ?”

“ಇಲ್ಲ. ಮಂಕಾಗಿದ್ರೂ ನೆಟ್ಟಗೆ ಹಾಕಿದ್ರೆ ಗಟ್ಟಿಯಾಗೇ ಇರುತ್ತೆ. ಇದನ್ನ ನಾನು ಅಲ್ಲಾಡಿಸಿ ಕೆಡಿಸಿದ್ದು, ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ.”

ನೀರು ಅವರ ಹಿಮ್ಮಡಿಯ ಸುತ್ತ ಹರಿದು ನನ್ನ ಹೊಸ್ತಿಲಿಗೆ ಬಂದು ನಿಂತಿತ್ತು. ಮೇಲೆ ಮಗು ಅಳುತ್ತಿತ್ತು. ಮಗಳು, “ಅಮ್ಮಾ, ಬೇಗ ಸರಿ ಮಾಡಿಸು, ಸಂಪಲ್ಲಿದ್ದ ನೀರೆಲ್ಲ ಹೋಯ್ತು” ಎನ್ನುತ್ತಿದ್ದಳು. ಸಂಪು ಬರಿದಾಗುವವರೆಗೂ ಮೋಟಾರು ಎತ್ತಿ ಸುರಿದಿತ್ತು.

ನಾನು ಗೂಡಿನಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಮೂರು ಉರುಳೆಗಳನ್ನು ಮೇಜಿನ ಅಂಚಿನಲ್ಲಿ ಸಾಲಾಗಿ ಇಟ್ಟೆ.

“ಬೇರೆ ಬೋರ್ಡು ಮಾಡಿಕೊಡ್ತೀನಿ. ಇದರಲ್ಲಿ ಯಾವ ತಂತಿ ಅಂತ ನೀವೇ ಹೇಳಿ.”

“ನನಗೇನು ಗೊತ್ತು? ಯಾವುದಾದ್ರೂ ಹಾಕು. ನೀರು ನಿಂತ್ರೆ ಸಾಕು.”

“ಇಲ್ಲ. ಇಷ್ಟು ದಿನ ನೀವೇ ಹೇಳಿದೀರಿ. ಇವತ್ತೂ ಹೇಳಿ.”

ಅವರ ಬೆರಳು ಎಲ್ಲಕ್ಕಿಂತ ದಪ್ಪನೆಯ, ಹಳೆಯ ಉರುಳೆಯ ಕಡೆ ಹೋಯಿತು.

“ಅದು ಸೀಸದ್ದು.”

ಬಿಸಿ ತಾಕಿದವರ ಹಾಗೆ ಬೆರಳು ಹಿಂದೆ ಹೋಯಿತು.

“ಮಧ್ಯದ್ದು ಸೀಸ ಇಲ್ಲದೆ ಮಂಕಾಗೋದು. ಕೊನೇದು ಸೀಸ ಇಲ್ಲದೆ ಮಿಂಚೋದು. ನೀವು ಸುಳ್ಳು ಅಂದ್ರಲ್ಲ, ಅದು.”

“ನನ್ನ ಬಾಯಲ್ಲಿ ಹೇಳಿಸ್ಬೇಕು ಅಂತ ಅಲ್ವಾ ನಿನಗೆ?”

“ಹೌದು.”

ಎದುರು ಮನೆಯ ಹೆಂಗಸು ಪೊರಕೆ ಹಿಡಿದು ನಿಂತವಳು ಗುಡಿಸುವುದನ್ನು ಮರೆತಿದ್ದಳು. ಓನರಮ್ಮ ಅವಳ ಕಡೆ ಒಮ್ಮೆ ನೋಡಿ, ಸೆರಗು ಕೊಡವಿ, “ಮಿಂಚೋದೇ ಹಾಕು” ಎಂದರು. ಅದೇ ಉಸಿರಿನಲ್ಲಿ, ಇಷ್ಟು ವರ್ಷ ನೀನು ಎನ್ನುತ್ತಿದ್ದವರು ಮೊದಲ ಬಾರಿ ನೀವು ಎಂದರು. “ಆಷಾಢ ಕಳೀಲಿ. ರೂಮ್ ಖಾಲಿ ಮಾಡ್ಕೊಡಿ.”

“ಆಯ್ತು” ಎಂದೆ.

ಅವರು ನಿಂತೇ ಇದ್ದರು. ಬೇಡಿಕೊಳ್ಳುತ್ತೇನೆ ಎಂದುಕೊಂಡಿದ್ದರೋ ಏನೋ. ನಾನು ಐರನ್ ಬಿಸಿಗಿಟ್ಟು, ಹೊಸ ಬೋರ್ಡು ತೆಗೆದು, ಒಂದೊಂದು ಕಾಲಿಗೂ ತಂತಿ ತಾಕಿಸಿ, ಹರಿಸಿ, ಉಸಿರು ಬಿಗಿಹಿಡಿದು ಆರಲು ಬಿಟ್ಟೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾದ ಬೆಸುಗೆ ಮತ್ತೆ ಹಾಕಿಲ್ಲ. ಅವತ್ತು ಹಾಕಿಕೊಡಲು ನಾನೇ ಮೇಲೆ ಹೋದೆ. ಬಾಣಂತಿ ಕೋಣೆಯ ಬಾಗಿಲು ಟಪ್ಪೆಂದು ಮುಚ್ಚಿಕೊಂಡಿತು.

ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ, ಹೊಸ ಬಾಡಿಗೆಯವರು ಬರುವುದೂ ಇಲ್ಲ. ಹಾಗಾಗಿ ಆ ತಿಂಗಳ ಉಳಿದ ದಿನಗಳನ್ನು ನಾವಿಬ್ಬರೂ ಒಂದೇ ಗೋಡೆಯ ಎರಡು ಕಡೆ ಹಲ್ಲು ಕಚ್ಚಿಕೊಂಡು ಕಳೆದೆವು. ತಪಾಸಣೆ ನಿಂತಿತು. ನಲ್ಲಿಯ ಬೀಗ ತೆಗೆಯಲಿಲ್ಲ. ಬೆಡ್‌ಶೀಟನ್ನು ಒಗೆದು ಮತ್ತೆ ಅಲ್ಲೇ ಹಾಕಿದರು. ನಾನೂ ಕೆಮ್ಮುವುದನ್ನು ಬಿಡಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬಿಸಿಲೋ ತುಂತುರೋ ನೋಡದೆ ರೂಮು ಹುಡುಕಿದೆ. ಒಬ್ಬರು, ಗಂಡಸರು ಇದ್ದರೆ ಮಾತಾಡೋಣ ಎಂದರು. ಒಬ್ಬರು ಕರೆಂಟಿನ ಕೆಲಸ ಅಂದ ಕೂಡಲೇ ಬಾಗಿಲು ಹಾಕಿಕೊಂಡರು. ಕೊನೆಗೆ ಮಹಾಲಕ್ಷ್ಮಿ ಲೇಔಟಿನ ಕಡೆ, ಹಿಟ್ಟಿನ ಗಿರಣಿಯ ಹಿಂದೆ ಒಂದು ರೂಮು ಸಿಕ್ಕಿತು. ಕಿಟಕಿ ಚಿಕ್ಕದು, ಹಗಲೂ ದೀಪ ಹಾಕಬೇಕು. ಬಸ್ಸು ಹತ್ತಿ ಹೋಗಬೇಕು. ಒಳಗೇ ನಲ್ಲಿ ಇದೆ. ಗಿರಣಿಯ ಮಾಲೀಕ, “ಹೊಗೆ ಬರುತ್ತಾ?” ಎಂದು ಕೇಳಿದ.

“ಬರುತ್ತೆ. ರಾಳದ್ದು.”

“ನಮ್ಮಲ್ಲಿ ಹಿಟ್ಟು ಹಾರುತ್ತೆ, ನೀವು ಅಡ್ಜಸ್ಟ್ ಮಾಡ್ಕೋಬೇಕು.”

ಶ್ರಾವಣ ಹುಟ್ಟಿದ ಮೊದಲ ವಾರದಲ್ಲೇ ಮೇಜು ಸಾಗಿಸಿದೆ. ಮನೆಯವರು ಗೂಡ್ಸ್ ಆಟೋದಲ್ಲಿ ಮೇಜು ಹಿಡಿದು ಕೂತರು. ಶಟರ್ ಎಳೆದು ಬೀಗದ ಕೈಯನ್ನು ಮೆಟ್ಟಿಲ ಮೇಲಿಟ್ಟೆ, ಕೈಗೆ ಕೊಡಲಿಲ್ಲ. ಬಸವೇಶ್ವರನಗರದ ಎಲೆಕ್ಟ್ರಿಷಿಯನ್ ಅಲ್ಲಿಗೂ ಹುಡುಕಿಕೊಂಡು ಬಂದ. ಬೇರೆ ಇಬ್ಬರು ಅಂಗಡಿಯವರು ದೂರ ಆಯಿತೆಂದು ಬರಲಿಲ್ಲ. ಆ ನಷ್ಟ ಓನರಮ್ಮನದೇ ಎಂದು ಈಗಲೂ ಮನಸ್ಸಿನಲ್ಲಿ ಅವರ ಹೆಸರಿಗೇ ಬರೆದಿಟ್ಟಿದ್ದೇನೆ. ತಂತಿ ಮಾತ್ರ ಆ ಮಿಂಚುವುದೇ. ಸೀಸದ್ದಕ್ಕೆ ವಾಪಸ್ ಹೋಗಬಹುದಿತ್ತು, ಸಲೀಸಾಗಿರುತ್ತಿತ್ತು. ಹೋಗಲಿಲ್ಲ. ಸೀಸ ಬೇಡ ಎಂದ ಆ ಬಾಣಂತಿಯ ಮಾತಿನಲ್ಲಿ ತಪ್ಪೇನಿರಲಿಲ್ಲ. ಇದನ್ನು ಅವರ ಮನೆಯವರೆದುರು ಮಾತ್ರ ಒಪ್ಪಿಕೊಳ್ಳುವವಳಲ್ಲ.

ನನ್ನ ಹಳೇ ರೂಮಿಗೆ ಈಗ ಹೋಳಿಗೆ ಅಂಗಡಿ ಬಂದಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾವಲಿ ಇಳಿಯುವುದಿಲ್ಲ. ಕಾದ ಎಣ್ಣೆ, ತುಪ್ಪ, ಸೀದ ಹೂರಣದ ಹೊಗೆ ನನ್ನ ಕಿಟಕಿಯಿಂದಲೇ ಹೊರಬಿದ್ದು, ಮೆಟ್ಟಿಲೇರಿ, ಬಾಣಂತಿ ಕೋಣೆಯ ಗೋಡೆಗೆ ಹಳದಿ ಹಿಡಿಸಿದೆ. ಮನೆಗೆ ಹೋಗುವ ದಾರಿ ಅದೇ ಆದ್ದರಿಂದ ಆಗಾಗ ಅಲ್ಲಿ ನಿಲ್ಲುತ್ತೇನೆ. ಮೊನ್ನೆ ಓನರಮ್ಮ ಬಾಲ್ಕನಿಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ನಾನು ಒಂದು ಕಾಯಿ ಹೋಳಿಗೆ ಕೇಳಿದೆ.

“ಪಾರ್ಸಲ್ಲಾ ಆಂಟಿ?”

“ಬೇಡ, ಇಲ್ಲೇ ತಿಂತೀನಿ. ತುಪ್ಪ ಸ್ವಲ್ಪ ಜಾಸ್ತಿ ಹಾಕಿ ಬೇಯಿಸಪ್ಪ.”

ಹೊಗೆ ಗುಪ್ಪೆಂದು ಎದ್ದಿತು. ಮೇಲೆ ನೋಡಿಕೊಂಡು, ನಿಧಾನವಾಗಿ ತಿಂದೆ.